ದುದ್ದದ ಬೀಗರೂಟವೂ ನಮ್ಮ ಸ್ವಾಮಿಯ ರೀಲ್ಸೂ

ಇವತ್ತು ಬೆಳಿಗ್ಗೆ ಮಂಡ್ಯದಲ್ಲಿ ಮಸಾಲೆ ಸಾಮಾನು ಕೊಂಡು, ಬಸ್ ಸ್ಟ್ಯಾಂಡ್ ಹತ್ತಿರದ ಹೋಟೆಲಿನಲ್ಲಿ ಇಡ್ಲಿ ತಿನ್ನೋಕೆ ಕೂತಿದ್ದೆ. ಎದುರು ಟೇಬಲಿನ ಕಾಲೇಜು ಹುಡುಗಿ ದೋಸೆ ಬಂದ ಕೂಡಲೇ ಕೈ ಹಾಕಲಿಲ್ಲ. ಎದ್ದು ನಿಂತು, ಫೋನು ತೆಗೆದು, ದೋಸೆಯ ನೆತ್ತಿ ಮೇಲೆ ಹಿಡಿದಳು. ನಾನು ಹಿಂದುಮುಂದು ನೋಡದೆ ಸೆರಗು ಎಳೆದು ನನ್ನ ಇಡ್ಲಿ ತಟ್ಟೆಗೆ ಮುಚ್ಚಿಬಿಟ್ಟೆ. ಸೆರಗೆಲ್ಲ ಚಟ್ನಿ. ಸಪ್ಲೈಯರ್ ಓಡಿ ಬಂದು, ಇಡ್ಲೀಲಿ ಏನಾದರೂ ಬಿದ್ದಿದೆಯಾ ಅಂತ ಬಗ್ಗಿ ನೋಡಿದ. ಏನೂ ಇಲ್ಲ ಕಣಪ್ಪ ಅಂದೆ. ಅವನಿಗೆ ಏನಂತ ಬಿಡಿಸಿ ಹೇಳಲಿ? ನಿಮಗಾದರೆ ಹೇಳಬಹುದು, ನಿಮಗೆ ಪುರುಸೊತ್ತಿದ್ದರೆ.

ನಾನು ಹುಟ್ಟಾ ಪುಕ್ಕಲಿ. ಸಿಲಿಂಡರ್ ಬದಲಾಯಿಸುವಾಗ ಬೀದಿಗೆ ಹೋಗಿ ನಿಲ್ಲುತ್ತೇನೆ. ಗುಡುಗು ಬಂದರೆ ಟೀವಿ ವೈರು ಕಿತ್ತು, ಸಾಲದ್ದಕ್ಕೆ ಟೀವಿಗೆ ಟವೆಲ್ಲು ಹೊದಿಸುತ್ತೇನೆ. ನಮ್ಮಕ್ಕನ ಮನೆಗೆ ಕಳ್ಳ ಬರಬೇಕಾಗಿಲ್ಲ, ಕಳ್ಳ ಅನ್ನೋ ಮಾತು ಬಂದರೆ ಸಾಕು, ಇರೋದನ್ನೆಲ್ಲ ತಂದು ಜಗಲಿ ಮೇಲಿಡ್ತಾಳೆ ಅಂತ ನನ್ನ ತಮ್ಮ ಸ್ವಾಮಿ ಆಡಿಕೊಳ್ಳುತ್ತಾನೆ. ಆಡಿಕೊಳ್ಳಲಿ. ಆದರೆ ಈ ಫೋನಿನ ಭಯ ಆ ಜಾತಿಯದಲ್ಲ. ಆ ಭಯಗಳು ಬಂದಷ್ಟೇ ಬೇಗ ಹೋಗುತ್ತವೆ. ಇದು ಬಂದದ್ದು ಹೋಗಿಲ್ಲ.

ಸ್ವಾಮಿ ಮದ್ದೂರಿನಲ್ಲಿ ಬಾಡೂಟದ ಅಡುಗೆ ಕಂಟ್ರಾಕ್ಟು ಮಾಡುತ್ತಾನೆ. ಮದುವೆಯಾದ ಮೇಲೆ ಬೀಗರಿಗೆ ಹಾಕುವ ಊಟ, ಮುಡಿ ಊಟ, ಗೃಹಪ್ರವೇಶದ ಮಾರನೇ ದಿನದ ಊಟ, ಒಟ್ಟಿನಲ್ಲಿ ಕುರಿ ಬಿದ್ದ ಕಡೆಯೆಲ್ಲ ಅವನು. ನಾನು ಅವನ ಮಸಾಲೆಯವಳು. ಹುರಿಯೋದು, ಪುಡಿ ಮಾಡೋದು, ರುಬ್ಬಿಸೋದು ನನ್ನ ಕೆಲಸ. ಉಪ್ಪು ನೋಡೋದು ಮಾತ್ರ ಅವನದೇ, ಅದನ್ನ ಯಾರಿಗೂ ಬಿಟ್ಟುಕೊಡಲ್ಲ. ನಮ್ಮ ಅಪ್ಪನ ಕಾಲದಲ್ಲಿ ಈ ಕೆಲಸಕ್ಕೆ ಬೋರ್ಡೂ ಇರಲಿಲ್ಲ, ಕಾರ್ಡೂ ಇರಲಿಲ್ಲ. ಒಂದು ಊಟ ಉಂಡವರು ಇನ್ನೊಂದು ಊಟಕ್ಕೆ ಕರೆಯುತ್ತಿದ್ದರು. ಅಷ್ಟೇ ವ್ಯಾಪಾರ.

ಆಮೇಲೆ ದೊಡ್ಡ ಕೇಟರಿಂಗಿನವರು ಬಂದರು. ಕೈಗೆ ಗ್ಲೌಸು, ತಲೆಗೆ ಟೋಪಿ, ಅವರ ಹಿಂದೆ ವಿಡಿಯೋ ಮಾಡೋಕೇ ಒಬ್ಬ. ಗಂಡಿನ ಕಡೆಯವರು ಹೆಣ್ಣಿನ ಕಡೆಯವರಿಗೆ ಫೋನು ತೋರಿಸಿ, ಇವರನ್ನೇ ಕರೆಸಿ ಅನ್ನೋಕೆ ಶುರು ಮಾಡಿದರು. ಒಂದು ವರ್ಷ ಆಷಾಢ ಕಳೆದರೂ ನಮ್ಮ ಕೊಪ್ಪರಿಗೆಗಳು ಕವುಚಿ ಹಾಕಿದ ಹಾಗೇ ಇದ್ದವು. ಆಗಲೇ ಸ್ವಾಮಿಯ ಮಗಳು ಚೈತ್ರ, ಮಂಡ್ಯದಲ್ಲಿ ಬಿಕಾಂ ಓದೋಳು, ಅಪ್ಪನ ಹೆಸರಲ್ಲಿ ಒಂದು ರೀಲ್ಸ್ ಪೇಜು ಶುರು ಮಾಡಿದ್ದು.

ಅವಳು ನಮ್ಮಿಬ್ಬರನ್ನೂ ಕೂರಿಸಿಕೊಂಡು ಪಾಠ ಮಾಡಿದಳು. ಮೊದಲ ಮೂರು ಸೆಕೆಂಡಿನಲ್ಲಿ ಹೊಗೆ ಕಾಣಬೇಕಂತೆ. ಆಮೇಲೆ ಸೌಟು ಮೇಲೆತ್ತಿ ತುಂಡು ತೋರಿಸಬೇಕಂತೆ. ಹಿಂದೆ ತಮಟೆ ಸದ್ದು ಇದ್ದರೆ ಜನ ಬೇರೆ ವಿಡಿಯೋಗೆ ಜಾರಲ್ಲವಂತೆ. ನಮ್ಮಲ್ಲಿ ಒಂದು ಪದ್ಧತಿ ಇದೆ. ಕೊಪ್ಪರಿಗೆ ಇಳಿಸಿ, ಮೊದಲ ಎಡೆ ತೆಗೆದು, ಪಂಕ್ತಿಗೆ ಎಲೆ ಹಾಕೋವರೆಗೂ ಮುಚ್ಚಳ ತೆಗೆಯಬಾರದು. ಕಣ್ಣು ಬೀಳುತ್ತೆ, ಅಡುಗೆ ಕೂಡಿಬರಲ್ಲ, ಸಾಲದೆ ಹೋಗುತ್ತೆ ಅಂತ. ಅಂಥದ್ದರಲ್ಲಿ ಊರಿಗೂರೇ ನೋಡೋ ಹಾಗೆ ತೆಗೆದು ತೋರಿಸೋದೇ? ನಮ್ಮಮ್ಮ ಆಗ ಇನ್ನೂ ಇದ್ದಳು. ಅವಳು ಬೇಡ ಅನ್ನಲಿಲ್ಲ. ಉಪ್ಪು, ಒಣಮೆಣಸಿನಕಾಯಿ ತಗೊಂಡು ಚೈತ್ರನ ಫೋನಿಗೆ ನಿವಾಳಿಸಿ ಒಲೆಗೆ ಹಾಕಿದಳು. ಘಾಟಿಗೆ ಎಲ್ಲರೂ ಕೆಮ್ಮಿದೆವು, ಫೋನೊಂದು ಬಿಟ್ಟು.

ಅಮ್ಮ ಇನ್ನೊಂದು ಮಾತನ್ನೂ ಹೇಳಿದಳು. ಅನ್ನ ತೋರಿಸಿದ ಮೇಲೆ ಉಣ್ಣೋಕೆ ಕರೀಬೇಕು, ಕರೀದೇ ತೋರಿಸಿದರೆ ಉಂಡೋರ ಹೊಟ್ಟೆಗೆ ಆಗಿಬರಲ್ಲ ಅಂತ. ಅದು ನಿಜ ತಾನೇ? ನಮ್ಮ ಕಡೆ ತುತ್ತು ಬಾಯಿಗಿಡುವಾಗ ದಾರಿಯಲ್ಲಿ ಹೋಗೋನು ತಿರುಗಿ ನೋಡಿದರೂ, ಬಾ ಉಣ್ಣುವಂತೆ ಅನ್ನದೆ ಇರೋಕಾಗಲ್ಲ. ಅವನೂ ಬರಲ್ಲ, ನೀನುಣ್ಣು ಅಂತ ಹೋಗುತ್ತಾನೆ. ಅಮ್ಮನ ಮಾತು ತೆಗೆದುಹಾಕಬಾರದು ಅಂತ ಸ್ವಾಮಿ ಪ್ರತಿ ವಿಡಿಯೋದ ಕೊನೆಗೂ ಕೈ ಚಾಚಿ, "ಎಲ್ರೂ ಬನ್ನಿ, ಉಂಡ್ಕಂಡ್ ಹೋಗಿ" ಅನ್ನೋಕೆ ಶುರು ಮಾಡಿದ. ಜನಕ್ಕೆ ಅದೇ ಹಿಡಿಸಿತು. ಪೇಜು ಬೆಳೀತು. ಕೊಪ್ಪರಿಗೆಗಳು ಮತ್ತೆ ಒಲೆ ಹತ್ತಿದವು. ಮೈಸೂರಿಂದ, ಬೆಂಗಳೂರಿಂದ ಫೋನು. ನಾನು ಮಾತ್ರ ಪ್ರತಿ ಸಲ ಮುಚ್ಚಳ ತೆಗೆದಾಗಲೂ ಕಣ್ಣು ಮುಚ್ಚಿಕೊಂಡು ಮನೆದೇವರನ್ನ ನೆನೆಯುತ್ತಿದ್ದೆ. ಇಷ್ಟು ಜನ ನೋಡ್ತಾ ಇದ್ದಾರಲ್ಲ, ಇವರೆಲ್ಲ ಯಾರು, ಎಲ್ಲಿದ್ದಾರೆ, ಏನು ಅಂದುಕೊಂಡು ನೋಡ್ತಾರೆ ಅಂತ ಯೋಚನೆ ಹತ್ತಿದರೆ ರಾತ್ರಿ ಎದ್ದು ಬಾಗಿಲ ಚಿಲಕ ಇನ್ನೊಂದು ಸಲ ನೋಡಿ ಬರುತ್ತಿದ್ದೆ.

ಆಗ ಬಂದದ್ದು ದುದ್ದದ ನಿಂಗೇಗೌಡರ ಮನೆ ಊಟ. ಗೌಡರಿಗೆ ಒಬ್ಬಳೇ ಮಗಳು, ಸೌಮ್ಯ. ಮಳವಳ್ಳಿಗೆ ಕೊಟ್ಟಿದ್ದರು. ಮದುವೆ ಅಲ್ಲೇ ಆಗಿ, ಬೀಗರೂಟ ದುದ್ದದಲ್ಲಿ, ಮನೆ ಪಕ್ಕದ ಕಣದಲ್ಲಿ ಶಾಮಿಯಾನ ಹಾಕಿ. ಊಟ ಮುಗಿಸಿಕೊಂಡು ಬೀಗರು ಸೊಸೆಯನ್ನ ಕರೆದುಕೊಂಡು ಹೋಗೋದು. ಬೀಗರೂಟ ಅಂದರೆ ಬರೀ ಊಟ ಅಲ್ಲ, ನಿಮಗೆ ಗೊತ್ತಿರುತ್ತೆ. ಅಲ್ಲಿ ತುಂಡು ಕಮ್ಮಿಯಾದರೆ ಆ ಹೆಣ್ಣುಮಗಳು ಮುದುಕಿಯಾಗೋವರೆಗೂ ಅತ್ತೆ ಮನೇಲಿ ಆ ಮಾತು ಕೇಳಬೇಕು. ಹಿಂದಿನ ದಿನ ಗೌಡರು ಸ್ವಾಮಿಯ ಕೈ ಹಿಡಿದುಕೊಂಡು ಅದನ್ನೇ ಹೇಳಿದ್ದರು: "ನನ್ ಮಗಳ ಬಾಳು ನಿನ್ ಸೌಟಲ್ಲೈತೆ ಕಣಪ್ಪ." ಇವನು, ನೀವು ನಿಶ್ಚಿಂತೆಯಾಗಿರಿ ಗೌಡ್ರೆ ಅಂದ. ನಾನು ಪಕ್ಕದಲ್ಲಿ ನಿಂತು ಬೆವೆತೆ.

ಮೊದಲೆಲ್ಲ ವಿಡಿಯೋ ಮಾರನೇ ದಿನ ಹಾಕುತ್ತಿದ್ದರು. ಅಷ್ಟೊತ್ತಿಗೆ ಊಟ ಮುಗಿದು ಎಲೆಯನ್ನ ದನ ತಿಂದಿರುತ್ತಿದ್ದವು. ಅವತ್ತು ಚೈತ್ರ, ಬಿಸಿಬಿಸಿ ಹಾಕಿದರೆ ಜಾಸ್ತಿ ಓಡುತ್ತೆ ಅಂತ ಎಲ್ಲೋ ಕೇಳಿಕೊಂಡು ಬಂದಿದ್ದಳು. ಬೆಳಿಗ್ಗೆ ಕೊಪ್ಪರಿಗೆ ಇಳಿಸಿದ ತಕ್ಷಣ ವಿಡಿಯೋ ಮಾಡಿ, ದುದ್ದದ ಬೀಗರೂಟ ಅಂತ ಬರೆದು ಅಲ್ಲೇ ಹಾಕಿದಳು. ಕೊನೆಗೆ ಎಂದಿನಂತೆ ಸ್ವಾಮಿ ಕೈ ಚಾಚಿ, ಎಲ್ರೂ ಬನ್ನಿ ಅಂದಿದ್ದ.

ಜನ ಬಂದರು. ಬೈಕಲ್ಲಿ ಬಂದರು, ಆಟೋದಲ್ಲಿ ಬಂದರು, ಒಂದು ಟೆಂಪೋದಲ್ಲೂ ಬಂದರು. ಬಿಳೀ ಪಂಚೆ, ಇಸ್ತ್ರಿ ಅಂಗಿ, ಎಲ್ಲರೂ ಮರ್ಯಾದಸ್ಥರೇ. ದುದ್ದದವರು ಇವರೆಲ್ಲ ಮಳವಳ್ಳಿ ಬೀಗರ ಕಡೆಯವರು ಅಂದುಕೊಂಡರು. ನೀವು ಯಾರು, ಯಾರ ಪೈಕಿ ಅಂತ ಬೀಗರನ್ನ ಕೇಳೋಕಾಗುತ್ತಾ? ಅವಮಾನ ಮಾಡಿದ ಹಾಗೆ. ಕೇಳದೇ ಇದ್ದದ್ದೂ ಅಲ್ಲದೆ, ಗೌಡರು ತಾವೇ ಎಲೆ ಎಲೆಗೂ ಬಂದು, ಇವರಿಗೆ ಇನ್ನೊಂದು ತುಂಡು ಹಾಕ್ರಲಾ, ಅವರಿಗೆ ಮೂಳೆ ಬಂತು ತೆಗೆದು ಬೇರೆ ಹಾಕ್ರಲಾ ಅಂತ ಉಪಚಾರ ಮಾಡಿದರು. ಬಂದವರೂ ಭಾರೀ ಮನೆತನ ಅಂತ ಹೊಗಳಿ ಹೊಗಳಿ ಉಂಡರು.

ನಿಜವಾದ ಬೀಗರು ಇನ್ನೂ ಮಳವಳ್ಳಿ ಬಿಟ್ಟಿರಲಿಲ್ಲ. ಬುಧವಾರ, ರಾಹುಕಾಲ ಕಳೆದು ಹೊರಡೋಣ ಅಂತ ಅವರ ಹಿರಿಯರು ಬಸ್ಸು ನಿಲ್ಲಿಸಿಕೊಂಡು ಕೂತಿದ್ದರು. ಈಗ ಹೊರಡ್ತೀವಿ ಅಂತ ಅವರ ಫೋನು ಬಂದಾಗಲೇ ಗೌಡರಿಗೆ ಅನುಮಾನ ಬಂದದ್ದು. ಅಡುಗೆ ಜಾಗಕ್ಕೆ ಬಂದವರು ಏನೂ ಕೇಳಲಿಲ್ಲ. ಕೊಪ್ಪರಿಗೆಯೊಳಕ್ಕೆ ಒಂದು ಸಲ ನೋಡಿದರು, ಸ್ವಾಮಿಯ ಮುಖ ಒಂದು ಸಲ ನೋಡಿದರು. ಸೌಟು ತಳಕ್ಕೆ ತಾಗಿ ಕರಕರ ಅನ್ನುತ್ತಿತ್ತು. ಎಲೆ ಮುಂದೆ ಕೂತವರನ್ನ ಏಳಿಸೋ ಹಾಗಿಲ್ಲ, ಬಾಗಿಲಲ್ಲಿ ನಿಂತವರನ್ನ ಹೋಗಿ ಅನ್ನೋ ಹಾಗಿಲ್ಲ. ಸ್ವಾಮಿ ಉಳಿದದ್ದನ್ನ ಒಂದು ತಪ್ಪಲೆಗೆ ಬಗ್ಗಿಸಿ ಮುಚ್ಚಿಟ್ಟ. ಕೋಳಿ ತರೋಕೆ ಒಬ್ಬ ಹುಡುಗನನ್ನ ಬೈಕಲ್ಲಿ ಮಂಡ್ಯಕ್ಕೆ ಓಡಿಸಿದ. ನಾನು ಆ ತಪ್ಪಲೆ ಕಾಯುತ್ತಾ ಒಲೆ ಹತ್ತಿರ ಕೂತೆ. ಹೊಸ ಸೀರೆಯಲ್ಲಿದ್ದ ಸೌಮ್ಯ ಹಿತ್ತಲ ಬಾಗಿಲಿಂದ ಬಂದು, "ಸಾಕಾಗುತ್ತಾ ಅಮ್ಮ?" ಅಂತ ಕೇಳಿದಳು. ನಾನು ತಪ್ಪಲೆಯ ಮುಚ್ಚಳವನ್ನ ಇನ್ನಷ್ಟು ಒತ್ತಿ ಮುಚ್ಚಿದೆ. ಅವಳು ಅರ್ಥ ಮಾಡಿಕೊಂಡು ಹಾಗೇ ಒಳಕ್ಕೆ ಹೋದಳು.

ಬೀಗರ ಬಸ್ಸು ಬಂತು. ಮೊದಲ ಸಾಲಿಗೆ ತುಂಡು ಬಂತು, ಎರಡನೇ ಸಾಲಿಗೆ ತುಂಡಿಲ್ಲದ ಎಸರು ಬಂತು, ಗಂಡಿನ ತಾಯಿ ಕೂತಿದ್ದ ಸಾಲಿಗೆ ಬರೀ ಮುದ್ದೆ. ಕೋಳಿ ಇನ್ನೂ ಹಸಿ ಇತ್ತು. ಗೌಡರು ಆ ಸಾಲಿನ ಎಲೆ ಎಲೆಯ ಮುಂದೂ ನಿಂತು ಕೈ ಮುಗಿದರು. ತಪ್ಪಾಯ್ತು, ಹೊಟ್ಟೆಗೆ ಹಾಕ್ಕಳಿ, ಸೊಲ್ಪ ತಡೀರಿ ಅಂತ. ಗಂಡಿನ ತಾಯಿ, "ಆಯ್ತು ಬುಡಿ" ಅಂದರು. ಅಷ್ಟೇ ಅಂದರು. ಆ ಅಷ್ಟೇ ಅಂದದ್ದು ನನ್ನನ್ನ ಇನ್ನೂ ಹೆದರಿಸಿತು.

ಅಷ್ಟರಲ್ಲಿ ಮುಗಿದಿದ್ದರೆ ನಾಲ್ಕು ಊರಲ್ಲಿ ನಾಲ್ಕು ತಿಂಗಳು ಆಡಿಕೊಂಡು ಮರೆಯುತ್ತಿದ್ದರು. ಆದರೆ ಯಾರೋ ಎದ್ದು ನಿಂತು ವಿಡಿಯೋ ಮಾಡಿದ್ದ. ಸಂಜೆಗೆ ಎಲ್ಲರ ಫೋನಲ್ಲೂ ಅದೇ. ಗೌಡರು ಕೈ ಮುಗಿದುಕೊಂಡು ಎಲೆಯಿಂದ ಎಲೆಗೆ ಸರಿಯೋದು, ಆಮೇಲೆ ಬರಿದಾದ ಕೊಪ್ಪರಿಗೆ, ಹಿಂದೆ ಯಾವುದೋ ನಗೆಹಾಡು. ಚೈತ್ರ ಅಳುತ್ತಾ ಕೂತು ಒಬ್ಬೊಬ್ಬರಿಗೂ ಸಮಜಾಯಿಷಿ ಬರೆದಳು. ಉತ್ತರ ಕೊಟ್ಟಷ್ಟೂ ಅದು ಇನ್ನಷ್ಟು ಜನಕ್ಕೆ ಹೋಗುತ್ತಂತೆ, ಅವಳಿಗೆ ಆಮೇಲೆ ಗೊತ್ತಾಯಿತು. ತೆಗೆಸೋಕೆ ಸ್ವಾಮಿ ಕಂಡಕಂಡವರ ಕಾಲು ಹಿಡಿದ. ಒಂದು ಕಡೆ ತೆಗೆದರೆ ಇನ್ನೊಂದು ಕಡೆ ಬಂತು. ಸಂತೆಯಲ್ಲಿ ಯಾರಾದರೂ ಫೋನು ನೋಡಿ ನಕ್ಕರೆ ಸಾಕು, ಅದೇ ಇರಬೇಕು ಅಂತ ತೂಕಕ್ಕಿಟ್ಟ ಮೆಣಸಿನಕಾಯನ್ನೂ ಬಿಟ್ಟು ಎದ್ದು ಬರುತ್ತಿದ್ದೆ. ನಮ್ಮ ವ್ಯಾಪಾರ ಸ್ವಲ್ಪ ಬಿದ್ದು ಮತ್ತೆ ಎದ್ದಿತು. ಆ ಹುಡುಗಿ ಸೌಮ್ಯ ಹೇಗಿದ್ದಾಳೋ ಅನ್ನೋದೊಂದೇ ನನ್ನನ್ನ ಬಿಡಲಿಲ್ಲ.

ಹೋದ ತಿಂಗಳು ಅವಳೇ ಫೋನು ಮಾಡಿದಳು. ಹೆರಿಗೆಗೆ ದುದ್ದಕ್ಕೆ ಬಂದಿದ್ದಳು, ಗಂಡು ಮಗು. ಬಾಣಂತನ ಮುಗಿಸಿ ಕಳಿಸೋ ದಿನ ಮಳವಳ್ಳಿಯವರಿಗೆಲ್ಲ ಊಟ ಹಾಕಬೇಕು, ನೀವೇ ಬರಬೇಕು ಅಂದಳು. ನನಗೆ ನಂಬಿಕೆಯೇ ಬರಲಿಲ್ಲ. ಅತ್ತೆ ಮನೇಲಿ ಹೇಗೆ ನೋಡಿಕೊಳ್ತಾರವ್ವ ಅಂತ ಹೆದರುತ್ತಾ ಕೇಳಿದೆ. ಅತ್ತೆ ಏನೂ ಅನ್ನಲ್ಲವಂತೆ. ಆದರೆ ನೆಂಟರು ಬಂದಾಗಲೆಲ್ಲ ಯಾರಾದರೊಬ್ಬರು ಆ ವಿಡಿಯೋ ಹಾಕಿ, ಇವಳಪ್ಪನೇ ಇದು ಅಂತ ತೋರಿಸುತ್ತಾರಂತೆ. ಇವಳು ಅವರಿಗೆಲ್ಲ ಕಾಫಿ ಕೊಡುತ್ತಾ ನಿಂತಿರಬೇಕು. ಗೌಡರಂತೂ ಅವತ್ತಿಂದ ಯಾರ ಮನೆ ಊಟಕ್ಕೂ ಹೋಗಿಲ್ಲವಂತೆ, ಪಂಕ್ತೀಲಿ ಕೂತು ಉಂಡೇ ಇಲ್ಲವಂತೆ. "ಕೊಪ್ಪರಿಗೆ ತುಂಬಾ ಬಾಡಿರ್ಬೇಕು, ಅದರ ಪಕ್ಕ ನಮ್ಮಪ್ಪ ನಿಂತಿರ್ಬೇಕು, ಅದನ್ನ ನಿಮ್ ಪೇಜಲ್ಲಿ ಹಾಕಿ ಅಮ್ಮ. ಅದನ್ನೂ ಜನ ನೋಡ್ಲಿ," ಅಂದಳು.

ಕಳೆದ ಭಾನುವಾರ ಊಟ. ಚೈತ್ರನಿಗೆ ಪರೀಕ್ಷೆ. ಸ್ವಾಮಿಯ ಎರಡೂ ಕೈಯಲ್ಲಿ ಕೆಲಸ. ಫೋನು ಹಿಡಿಯೋ ಸರದಿ ಕೊನೆಗೆ ನನ್ನ ಪಾಲಿಗೇ ಬಂತು, ನೋಡಿ ನನ್ನ ಹಣೆಬರಹ. ಗೌಡರನ್ನ ಕರೆದೆವು. ಮನುಷ್ಯ ಅರ್ಧ ಆಗಿದ್ದರು. ಬಂದು ಕೊಪ್ಪರಿಗೆ ಪಕ್ಕ ನಿಂತರು. ಸ್ವಾಮಿ ಮುಚ್ಚಳ ತೆಗೆದ. ಅಂಚಿನವರೆಗೂ ಇತ್ತು. ನಾನು ಫೋನು ಮೇಲೆತ್ತಿದೆ.

ಗೌಡರು ಕೈ ಮುಗಿದುಬಿಟ್ಟರು.

"ಕೈ ಇಳ್ಸಿ ಗೌಡ್ರೆ, ಬಾಡೈತೆ" ಅಂದೆ. "ಇಳ್ಸುದ್ನಲ್ಲವ್ವ" ಅಂದರು. ಕೈ ಎದೆ ಹತ್ತಿರ ಹಾಗೇ ಇತ್ತು. ಸ್ವಾಮಿ ಹೇಳಿದ, ಪಕ್ಕದವರು ಹೇಳಿದರು. ಅವರಿಗೆ ತಮ್ಮ ಕೈ ತಮಗೇ ಗೊತ್ತಾಗುತ್ತಿರಲಿಲ್ಲ, ಕಣ್ಣೆಲ್ಲ ನನ್ನ ಕೈಯಲ್ಲಿದ್ದ ಫೋನಿನ ಮೇಲೆ. ನನ್ನಷ್ಟು ಹೆದರಿದವರನ್ನ ನಾನು ನೋಡಿದ್ದು ಅದೇ ಮೊದಲು. ಫೋನನ್ನ ಮಸಾಲೆ ಬುಟ್ಟಿಯೊಳಕ್ಕೆ ಹಾಕಿದೆ. ಆಗ ಅವರ ಕೈ ಕೆಳಗಿಳಿಯಿತು.

ಬೀಗರು ಬಂದರು, ಉಂಡರು, ತುಂಡಿನ ಮೇಲೆ ತುಂಡು ಹಾಕಿಸಿಕೊಂಡು ಉಂಡರು. ಕೊನೇ ಪಂಕ್ತಿಗೆ ಮೊದಲೇ ಸೌಮ್ಯನನ್ನೂ ಮಗುವನ್ನೂ ಕಾರು ಹತ್ತಿಸಿಕೊಂಡು ಹೊರಟರು. ವಿಡಿಯೋ ವಿಷಯ ಅವಳಿಗೆ ಹೇಳೋಕೆ ನನಗೆ ಧೈರ್ಯ ಬರಲಿಲ್ಲ.

ಇವತ್ತು ಹೋಟೆಲಿಂದ ಎದ್ದು ಬಂದು ಮದ್ದೂರಿನ ಬಸ್ಸು ಹತ್ತಿ ಕೂತಿದ್ದೆ. ಫೋನು ಬಂತು. ಸೌಮ್ಯ. ಎಂದಿನ ನಾನಾಗಿದ್ದರೆ ಎತ್ತುತ್ತಿರಲಿಲ್ಲ. ಎತ್ತಿದೆ. ದಿನಾ ಪೇಜು ನೋಡ್ತಿದ್ದೀನಿ, ಇನ್ನೂ ಹಾಕಿಲ್ಲವಲ್ಲ ಅಂದಳು. ಇದ್ದದ್ದನ್ನ ಹೇಳಿದೆ. ಫೋನು ಕಂಡ ತಕ್ಷಣ ನಿಮ್ಮಪ್ಪ ಕೈ ಮುಗಿದರು ಕಣವ್ವ, ಎಷ್ಟು ಹೇಳಿದರೂ ಇಳಿಸಲಿಲ್ಲ, ನಾನು ತೆಗೀಲಿಲ್ಲ, ಹಾಕೋಕೆ ಏನೂ ಇಲ್ಲ ಅಂದೆ.

ಬೈತಾಳೆ ಅಂತ ಕಾದೆ.

"ನಾವ್ ಹೊರಟ್ಮೇಲೆ ಅಪ್ಪ ಉಂಡ್ರಾ ಅಮ್ಮ?" ಅಂದಳು.

"ಉಂಡ್ರು ಕಣವ್ವ," ಅಂದೆ. "ಕೊನೇ ಪಂಕ್ತೀಲಿ ನಾನೇ ಬಡಿಸ್ದೆ. ಎಲ್ಡ್ ಸಲ ಆಕುಸ್ಕಂಡ್ ಉಂಡ್ರು."