ಮಿಷನ್ನು ಓದದೆ ಬಿಟ್ಟ ಸಾಲು

ಎಸ್ಸೆಸ್ಸೆಲ್ಸಿಯಲ್ಲಿ ನಾನು ಇಂಗ್ಲಿಷ್ ಒಂದರಲ್ಲೇ ಫೇಲಾದವಳು. ಲೆಕ್ಕದಲ್ಲಿ ಇಡೀ ಶಾಲೆಗೆ ಮೊದಲು. ಎರಡನೇ ಸಲ ಕಟ್ಟಿದೆ, ಮತ್ತೆ ಅದೇ ಕಥೆ. ಮೂರನೇ ಸಲ ಕಟ್ಟುವಷ್ಟರಲ್ಲಿ ದೊಡ್ಡಮಳೂರಿನ ತವರು ಬಿಟ್ಟು ಕೂಟಗಲ್ಲಿನ ಈ ಮನೆಗೆ ಸೊಸೆಯಾಗಿ ಬಂದಾಗಿತ್ತು. ದೇವರು ಗಂಡನನ್ನು ಒಳ್ಳೆಯವನನ್ನೇ ಕೊಟ್ಟ, ಹಿಪ್ಪುನೇರಳೆ ತೋಟ ಕೊಟ್ಟ, ಇಬ್ಬರು ಹೆಣ್ಣುಮಕ್ಕಳನ್ನು ಕೊಟ್ಟ. ಇಂಗ್ಲಿಷ್ ಒಂದನ್ನು ಕೊಡಲು ಮರೆತ. ಅದಕ್ಕಾಗಿ ನಾನು ಅವನ ಮೇಲೆ ಮುನಿಸಿಕೊಂಡಿರಲಿಲ್ಲ, ಹೋದ ವರ್ಷದವರೆಗೆ.

ಹೋದ ವರ್ಷ ನಮ್ಮ ಮಹಿಳಾ ಸಂಘಕ್ಕೆ ಒಂದು ಸಂಸ್ಥೆಯವರು ಬಂದರು. ರಾಮನಗರದಲ್ಲಿ ಹೆಂಗಸರಿಗೆ ಕಂಪ್ಯೂಟರ್ ಪ್ರೋಗ್ರಾಂ ಬರೆಯುವುದನ್ನು ಕನ್ನಡದಲ್ಲೇ ಕಲಿಸುತ್ತೇವೆ, ಇಂಗ್ಲಿಷಿನ ಒಂದಕ್ಷರವೂ ಬೇಡ ಎಂದರು. ಚೆನ್ನಾಗಿ ಬರೆದವರನ್ನೇ ಮುಂದಿನ ಬ್ಯಾಚಿಗೆ ಟೀಚರ್ ಮಾಡುತ್ತೇವೆ ಎಂದೂ ಹೇಳಿದರು. ಆ ಮಾತು ನನ್ನೊಳಗೆ ಕೂತುಬಿಟ್ಟಿತು. ಬೋರ್ಡಿನ ಮುಂದೆ ಸೀಮೆಸುಣ್ಣ ಹಿಡಿದು ನಿಲ್ಲಬೇಕು ಎನ್ನುವುದು ನನಗೆ ಏಳನೇ ಕ್ಲಾಸಿನಿಂದ ಇದ್ದ ಆಸೆ. ಯಾರಿಗೂ ಹೇಳಿಕೊಂಡಿರಲಿಲ್ಲ.

"ಹುಳ ಸಾಕೋಳ್ಗೆ ಕಂಪ್ಯೂಟ್ರು ಯಾಕಮ್ಮಿ?" ಎಂದರು ನಮ್ಮ ಯಜಮಾನರು.

"ನಿಮ್ಗೆ ಮಧ್ಯಾನದ ಮುದ್ದೆ ತಪ್ಪಾಕಿಲ್ಲ, ಸುಮ್ಕಿರಿ," ಎಂದೆ. ಅವರು ಮತ್ತೆ ಅಡ್ಡಿ ಮಾಡಲಿಲ್ಲ. ಅದೂ ದೇವರದೊಂದು ದಯೆ ಎಂದುಕೊಂಡೆ.

ಕ್ಲಾಸಿನಲ್ಲಿ ನಾವು ಹನ್ನೆರಡು ಹೆಂಗಸರು. ನನ್ನ ಪಕ್ಕ ಕೂರುತ್ತಿದ್ದವಳು ರಾಮನಗರದವಳೇ, ರೇಷ್ಮೆ ನೂಲು ತೆಗೆಯುವ ಮನೆಯ ಮುಸ್ಲಿಂ ಹೆಣ್ಣುಮಗಳು. ನಾವು ಬೆಳೆದ ಗೂಡನ್ನು ಅವರ ಮನೆಯಲ್ಲಿ ಬೇಯಿಸಿ ನೂಲು ಬಿಚ್ಚುತ್ತಾರೆ. ಕಲಿಸುತ್ತಿದ್ದ ಮೇಷ್ಟ್ರು ಮಾಗಡಿಯ ಗುಡೇಮಾರನಹಳ್ಳಿ ಕಡೆಯವರು, ನನಗಿಂತ ಚಿಕ್ಕವರು, ಎಲ್ಲರನ್ನೂ ಅಕ್ಕ ಎಂದೇ ಕರೆಯುತ್ತಿದ್ದರು. ಮಿಷನ್ನಿಗೆ ಹೇಳುವ ಮಾತುಗಳೆಲ್ಲ ನಮ್ಮವೇ: ಬರೆ, ಕೇಳು, ಆದರೆ, ಇಲ್ಲದಿದ್ದರೆ, ಮತ್ತೆ ಮಾಡು.

ಮೊದಲ ದಿನ ನಿಮ್ಮೂರಿನ ಹೆಸರನ್ನು ಪರದೆಯ ಮೇಲೆ ಬರೆಸಿ ಎಂದರು. ಕಾಗದವಾಗಲಿ, ಸಾಮಾನಿನ ಚೀಟಿಯಾಗಲಿ, ನಾವು ಮೊದಲು ಶ್ರೀ ಬರೆಯದೆ ಮುಂದಕ್ಕೆ ಹೋಗುವವರಲ್ಲ. ಹಾಗೆಯೇ ಇಲ್ಲೂ ಮೇಲೆ ಶ್ರೀ ಎಂದು ಹೊಡೆದೆವು. ಹಾಗೆ ಹೊಡೆದ ಒಬ್ಬೊಬ್ಬರ ಪರದೆಯ ಮೇಲೂ ಕೆಂಪಕ್ಷರ ಬಂತು: ಮೊದಲನೇ ಸಾಲಿನಲ್ಲಿ ತಪ್ಪಿದೆ, ಶ್ರೀ ಎಂದರೆ ಗೊತ್ತಿಲ್ಲ.

"ಅಯ್ಯೋ, ಇದ್ಕೆ ದೇವ್ರೇ ಗೊತ್ತಿಲ್ವಂತಲ್ಲವ್ವ!" ಎಂದು ಹಿಂದಿನಿಂದ ಯಾರೋ ಕೂಗಿದರು.

ನನ್ನ ಪಕ್ಕದವಳು ತಮ್ಮ ಪದ್ಧತಿಯಂತೆ ಮೇಲೆ 786 ಎಂದು ಹೊಡೆದಿದ್ದಳು. ಅದು ಬರೀ ಅಂಕಿಯಲ್ಲವೇ, ಮಿಷನ್ನು ಚಕಾರ ಎತ್ತಲಿಲ್ಲ. ಅವಳು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. "ನಮ್ದು ಪಾಸಾಯ್ತು ನೋಡಕ್ಕಾ. ನಿಮ್ದೇ ಫೇಲು."

"ನಾನು ಫೇಲಾಗೋದ್ರಲ್ಲಿ ಪಳಗಿರೋಳು ಬುಡು," ಎಂದೆ.

ಮೇಷ್ಟ್ರು ನಗುತ್ತಲೇ ದಾರಿ ಹೇಳಿಕೊಟ್ಟರು. "ಸಾಲಿನ ಮುಂದೆ, ಅಡ್ಡ ಎರಡು ಗೆರೆ ಉದ್ದ ಎರಡು ಗೆರೆ ಇರೋ ಈ ಜಾಲರಿ ಗುರುತು ಹಾಕಿ ಅಕ್ಕಾ. ಆಗ ಮಿಷನ್ನು ಅದನ್ನ ಓದಕ್ಕೆ ಹೋಗಲ್ಲ, ದಾಟ್ಕೊಂಡು ಮುಂದಕ್ಕೆ ಹೋಯ್ತದೆ. ಆ ಸಾಲು ಮನುಷ್ಯರಿಗೆ ಮಾತ್ರ."

ಅಂದಿನಿಂದ ನಾನು ಬರೆದ ಪ್ರತಿಯೊಂದು ಪ್ರೋಗ್ರಾಮಿನ ತಲೆಯ ಮೇಲೂ ಜಾಲರಿ ಹಾಕಿ ಒಂದು ಸಾಲು ಬರೆಯುತ್ತಿದ್ದೆ: ಶ್ರೀ ಅಪ್ರಮೇಯಸ್ವಾಮಿ ಪ್ರಸನ್ನ. ತವರಿನ ದೇವರು. ಮಿಷನ್ನು ಓದದಿದ್ದರೆ ಬೇಡ, ಅವನು ಓದುತ್ತಾನಲ್ಲ.

ನಾನು ಬರೆದದ್ದು ರೇಷ್ಮೆ ಹುಳುವಿನ ಪ್ರೋಗ್ರಾಂ. ಹುಳು ಗೂಡು ಕಟ್ಟುವ ಮುಂಚೆ ನಾಲ್ಕು ಸಲ ಪೊರೆ ಬಿಡುತ್ತದೆ. ಆಗ ಸೊಪ್ಪು ತಿನ್ನದೆ ತಲೆಯೆತ್ತಿ ಅಲ್ಲಾಡದೆ ಮಲಗಿರುತ್ತದೆ, ಅದಕ್ಕೆ ನಾವು ಜ್ವರ ಎನ್ನುತ್ತೇವೆ. ಮೊದಲು ಎದ್ದವು ಹಸಿದಿವೆ ಎಂದು ಮರುಗಿ ಸೊಪ್ಪು ಹಾಕಿದರೆ ಕೆಟ್ಟಿತು. ಅವು ದಪ್ಪವಾಗುತ್ತವೆ, ಹಿಂದೆ ಎದ್ದವು ಸಣ್ಣಗೇ ಉಳಿಯುತ್ತವೆ, ಇಡೀ ಬೆಳೆ ಏರುಪೇರು. ಕೊನೆಯ ಹುಳ ಏಳುವ ತನಕ ಕೈ ಕಟ್ಟಿಕೊಂಡು ಕೂರಬೇಕು ಎನ್ನುವುದು ನಮ್ಮತ್ತೆಯ ಕಟ್ಟಳೆ. ನನ್ನ ಪ್ರೋಗ್ರಾಂ ಹೊತ್ತು ಹೊತ್ತಿಗೆ ಎಷ್ಟು ಸೊಪ್ಪು ಎಂದು ಹೇಳುತ್ತಿತ್ತು. ಜ್ವರದ ದಿನ ಮಾತ್ರ, ಕೊನೆಯದೂ ಎದ್ದಿತೇ ಎಂದು ಕೇಳುತ್ತಿತ್ತು. ಇಲ್ಲ ಎಂದರೆ ಕಾಯಿ ಎಂದು ಹೇಳಿ, ಗಂಟೆ ಬಿಟ್ಟು ಮತ್ತೆ ಕೇಳುತ್ತಿತ್ತು. ಹೂಂ ಅನ್ನಿಸಿಕೊಳ್ಳುವ ತನಕ ಬಿಡುತ್ತಿರಲಿಲ್ಲ.

ಮೇಷ್ಟ್ರು ಅದನ್ನು ನನ್ನ ಫೋನಿಗೆ ಹಾಕಿಕೊಟ್ಟರು. ಅತ್ತೆಗೆ ಓದಿ ಹೇಳಿದೆ. "ನಾನು ನಿಂಗೆ ಬಯ್ಯೋದ್ನೆಲ್ಲ ಅದ್ಕೆ ಕಲ್ಸಿಬುಟ್ಯಾ?" ಎಂದರು. ಮುಖದಲ್ಲಿ ಹೆಮ್ಮೆ ಇತ್ತು, ಕಂಡೆ. ಆ ಸಲ ನಮ್ಮ ಬೆಳೆ ಒಂದೇ ಸಮ ಎದ್ದಿತು, ಒಂದೇ ಸಮ ಗೂಡು ಕಟ್ಟಿತು. ಅಕ್ಕಪಕ್ಕದ ಮನೆಯವರೂ ಹಾಕಿಸಿಕೊಂಡರು.

ಬೆಂಗಳೂರಿನಿಂದ ಸಂಸ್ಥೆಯ ಮೇಡಂ ಬಂದು ನೋಡಿದರು. "ಬ್ಯೂಟಿಫುಲ್" ಎಂದರು, ಅಷ್ಟು ಇಂಗ್ಲಿಷ್ ನನಗೂ ತಿಳಿಯಿತು. ಪ್ರೋಗ್ರಾಮಿನ ಪ್ರತಿ ತೆಗೆದುಕೊಂಡರು. ಕೋರ್ಸು ಮುಗಿಯುವ ದಿನ ದೊಡ್ಡ ಕಾರ್ಯಕ್ರಮವಿದೆ, ಹೊಸ ಟೀಚರ್ ಯಾರೆಂದು ಅಲ್ಲೇ ಹೇಳುತ್ತೇವೆ ಎಂದರು. ನಾನು ದೊಡ್ಡಮಳೂರಿಗೆ ಹೋಗಿ ತುಳಸಿ ಮಾಲೆ ಕೊಟ್ಟು ಬಂದೆ.

ಆ ದಿನ ಧಾರೆ ಸೀರೆ ಉಟ್ಟುಕೊಂಡು ಹೋದೆ. ಬಾಗಿಲಲ್ಲೇ ಮೇಡಂ ಕೈ ಹಿಡಿದುಕೊಂಡರು. "ನೀವು ದೇವರ ನಾಮ ಚೆನ್ನಾಗಿ ಹೇಳ್ತೀರಂತೆ. ಪ್ರಾರ್ಥನೆ ನೀವೇ ಮಾಡಿ." ಇದು ಶುಭಸೂಚನೆ ಎಂದುಕೊಂಡು ಕಣ್ಣು ಮುಚ್ಚಿ ಹಾಡಿದೆ. ಚಪ್ಪಾಳೆಯೂ ಬಿತ್ತು.

ಆಮೇಲೆ ಗೋಡೆಯಷ್ಟಗಲದ ಪರದೆ ಹೊತ್ತಿಕೊಂಡಿತು. ಇದು ನಮ್ಮ ಟೀಮು ತಯಾರಿಸಿದ ರೇಷ್ಮೆ ಆ್ಯಪ್ ಎಂದು ಮೇಡಂ ಹೇಳಿದರು. ಅದರ ಪ್ರೋಗ್ರಾಂ ಪರದೆಯ ಮೇಲೆ ಮೂಡಿತು, ಮೇಲಿಂದ ಕೆಳಗಿನ ತನಕ ಇಂಗ್ಲಿಷು. ಅಂಕಿಗಳು ಮಾತ್ರ ಗುರುತು ಸಿಕ್ಕವು. ಯಾವ ಜ್ವರಕ್ಕೆ ಎಷ್ಟು ಗಂಟೆ, ಎಷ್ಟು ಸೊಪ್ಪು, ಎಲ್ಲ ನಾನು ಅತ್ತೆಯ ಬಾಯಿಂದ ಕೇಳಿ ಬರೆದವು. ತಲೆಯ ಮೇಲೆ, ಜಾಲರಿಯ ಪಕ್ಕ, ಒಂದೇ ಒಂದು ಸಾಲು ಕನ್ನಡ ಉಳಿದಿತ್ತು: ಶ್ರೀ ಅಪ್ರಮೇಯಸ್ವಾಮಿ ಪ್ರಸನ್ನ. ಮಿಷನ್ನು ಹೇಗೂ ಓದುವುದಿಲ್ಲವೆಂದು ಅದನ್ನು ತೆಗೆಯುವ ಗೋಜಿಗೆ ಯಾರೂ ಹೋಗಿರಲಿಲ್ಲ.

ಪಕ್ಕದವಳು ನನ್ನ ತೊಡೆ ಚಿವುಟಿದಳು. "ಅಕ್ಕಾ, ನಿಂದು! ಎದ್ದು ಹೇಳು!"

ಎದ್ದೆ. "ಮೇಡಂ, ಅದು ನಾನು ಬರೆದಿದ್ದು."

"ಹೌದು ಹೌದು, ಐಡಿಯಾ ಅಮ್ಮನವರದ್ದೇ," ಎಂದು ಸಭೆಯ ಕಡೆಗೆ ನಕ್ಕರು.

"ಐಡಿಯಾ ಅಲ್ಲ ಮೇಡಂ. ಒಂದೊಂದು ಸಾಲೂ ನಂದೇ."

ಮತ್ತೆ ಚಪ್ಪಾಳೆ ಬಿತ್ತು. ಅದು ನನಗೋ, ನಾನು ಕೂರಲೆಂದೋ ತಿಳಿಯಲಿಲ್ಲ. ಕೊನೆಯ ಹುಳ ಎದ್ದಿತೇ ಎಂದು ಕೇಳುವುದನ್ನು ತೆಗೆದಿದ್ದೇವೆ, ಈಗ ಗಂಟೆ ನೋಡಿ ಆ್ಯಪೇ ಸೊಪ್ಪು ಹಾಕು ಎನ್ನುತ್ತದೆ ಎಂದು ಮೇಡಂ ಮುಂದುವರಿಸಿದರು. ಹೊಸ ಟೀಚರನ್ನು ವೇದಿಕೆಗೆ ಕರೆದರು. ಕನಕಪುರದ ಕಡೆಯ ಡಿಗ್ರಿಯಾದ ಹುಡುಗಿ. ಅವಳ ತಪ್ಪೇನೂ ಇಲ್ಲ, ಪಾಪ, ಬಂದು ನನ್ನ ಕಾಲಿಗೂ ನಮಸ್ಕರಿಸಿದಳು.

ಊಟದ ಹೊತ್ತಿನಲ್ಲಿ ಮೇಡಂ ಹತ್ತಿರ ಬಂದರು. "ಬೇಜಾರು ಮಾಡ್ಕೋಬೇಡಿ. ಕನ್ನಡದಲ್ಲಿ ಕಲಿತ್ರೆ ಮುಂದೆ ದಾರಿ ಇಲ್ಲ. ಮುಂದಿನ ಬ್ಯಾಚ್ ಇಂಗ್ಲಿಷಲ್ಲಿ ಮಾಡ್ತಿದ್ದೀವಿ. ನಿಮಗೆ ಇಂಗ್ಲಿಷ್ ಇದ್ದಿದ್ರೆ ನಿಮ್ಮನ್ನೇ ತಗೋತಿದ್ವಿ."

ಇದೇ ಮಾತನ್ನು ಹೈಸ್ಕೂಲಿನ ಹೆಡ್ಮಾಸ್ಟರು ಹೇಳಿದಾಗ ನನಗೆ ಹದಿನಾರು ವರ್ಷ. ಆಗ ಅತ್ತಿದ್ದೆ. ಈ ಸಲ ಎಲೆಯ ಮೇಲಿನ ಪಾಯಸ ತಿಂದು ಮುಗಿಸಿದೆ, ಪ್ರಸಾದವನ್ನು ಬಿಡಬಾರದೆಂದು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಅಷ್ಟನ್ನಾದರೂ ಕೊಟ್ಟನಲ್ಲ ಎಂದುಕೊಳ್ಳಲು ಹೋದೆ, ನಾಲಿಗೆ ಏಳಲಿಲ್ಲ.

ಮಾರನೆಯ ಬೆಳಿಗ್ಗೆ ನಮ್ಮ ಹುಳುಗಳು ನಾಲ್ಕನೇ ಜ್ವರದಿಂದ ಏಳುವ ಹೊತ್ತು. ಜಗುಲಿಯಲ್ಲಿ ಸೊಪ್ಪು ಬಿಡಿಸುತ್ತಿದ್ದಾಗ ಮೇಷ್ಟ್ರು ಫೋನ್ ಮಾಡಿದರು.

"ಅಕ್ಕಾ, ಆ ಮೊದಲ್ನೇ ಸಾಲ್ನೂ ತೆಗೀರಿ ಅಂದವ್ರೆ ಮೇಡಂ. ಹೊರಗಿನೋರು ನೋಡ್ದಾಗ ಇದೇನು ಅಂತಾರಂತೆ. ನಿಮ್ಮನ್ನ ಕೇಳ್ದೆ ತೆಗೆಯಕ್ಕೆ ನಂಗೆ ಕೈ ಬರ್ಲಿಲ್ಲ."

ಅಷ್ಟೂ ಸಾಲು ತೆಗೆದಾಗ ಯಾರೂ ಕೇಳಿರಲಿಲ್ಲ. ಈ ಒಂದಕ್ಕೆ ಕೇಳಿದರು. ದೇವರ ದಯೆಗಳನ್ನು ಎಣಿಸುವುದಾದರೆ ಇದನ್ನೂ ಎಣಿಸಬೇಕು.

"ತೆಗ್ದುಬುಡಿ ಮೇಷ್ಟ್ರೇ. ನನ್ನ ಬ್ಯಾಡ ಅಂದ ಮನೇಲಿ ನಮ್ ಸ್ವಾಮಿ ಒಬ್ಬನೇ ಯಾಕೆ ಕೂತಿರ್ಬೇಕು?"

ಅವರು ಏನೋ ಹೇಳಲು ಹೊರಟರು. ಅಷ್ಟರಲ್ಲಿ ಹುಳದ ಮನೆಯಿಂದ ಅತ್ತೆಯ ಕೂಗು ಬಂತು. "ಅಮ್ಮೀ, ಕೊನೇದೂ ಎದ್ದೈತೆ, ಬಾ!"

ಫೋನು ಇಟ್ಟು, ಸೊಪ್ಪಿನ ಮಂಕರಿ ಎತ್ತಿಕೊಂಡು ಒಳಗೆ ಹೋದೆ.