ಹಿಟ್ಟಿಗೆ ಬಿಲ್ಲು

ಮೊನ್ನೆ ಮುಲುಂಡಿನ ನಮ್ಮ ಮನೆಗೆ ಬಣ್ಣ ಹೊಡೆಸಲೆಂದು ಅಟ್ಟ ಖಾಲಿ ಮಾಡುವಾಗ ಅಲ್ಯೂಮಿನಿಯಂ ತಪಲೆಯೊಂದು ಉರುಳಿ ಬಿತ್ತು. ಕಂಠದಲ್ಲಿ ಚುಕ್ಕಿ ಚುಕ್ಕಿಯಾಗಿ ಕೊರೆದ ಹೆಸರು: ವಾಸು. ಬೇರೆಯವರ ಪಾತ್ರೆ ನಮ್ಮ ಮನೆಯಲ್ಲಿ! ಮೊದಲ ಅನುಮಾನ ಪೇಂಟರನ ಮೇಲೆ. ನನ್ನ ಸ್ವಭಾವವೇ ಅಂಥದ್ದು. ಹಾಲಿನವನು ನಕ್ಕರೆ ಇವತ್ತು ನೀರು ಜಾಸ್ತಿ ಎಂದುಕೊಳ್ಳುವವನು ನಾನು. ಆಮೇಲೆ ನೆನಪಾಗಿ ಏಣಿಯ ಮೇಲೇ ಕುಳಿತುಬಿಟ್ಟೆ.

ಪರೇಲಿನಲ್ಲಿ ನನ್ನ ಸೋದರಮಾವನಿಗೆ ಪುಟ್ಟ ಹೋಟೆಲಿತ್ತು. ಗಲ್ಲಾದಲ್ಲಿ ನಾನು. ಹಳೆಯ ಗ್ರೈಂಡರ್ ಕೈಕೊಟ್ಟಾಗ ಅಂಧೇರಿಯ ವ್ಯಾಪಾರಿಯೊಬ್ಬನಿಗೆ ಹೊಸದನ್ನು ಹೇಳಿದೆವು. ತಡವಾದರೆ ದಿನಕ್ಕಿಷ್ಟು ಪರಿಹಾರ ಎಂದು ಕರಾರಿನಲ್ಲಿ ಬರೆಸಿಕೊಂಡವನೂ ನಾನೇ. ಅವನು ಹತ್ತು ದಿನ ತಡಮಾಡಿದ. ಅಷ್ಟೂ ದಿನ ಎದುರು ಹೋಟೆಲಿನ ವಾಸಣ್ಣ ಬೆಳಗ್ಗೆ ಬೆಳಗ್ಗೆ ಈ ತಪಲೆ ತುಂಬ ಇಡ್ಲಿಹಿಟ್ಟು ಕಳುಹಿಸಿದರು. ನಮ್ಮ ಊರಿನ ಕಡೆಯ ಹೋಟೆಲಿನವರ ಪದ್ಧತಿ ಅದು. ಇವತ್ತು ನನಗೆ, ನಾಳೆ ನಿನಗೆ. ನನಗೋ ಅದರಲ್ಲೂ ಸಂಶಯ. ನೀವೇ ಹೇಳಿ, ಎದುರಾಳಿ ಪುಕ್ಕಟೆ ಹಿಟ್ಟು ಯಾಕೆ ಕೊಡುತ್ತಾನೆ? ನಮ್ಮ ಗಿರಾಕಿಗಳಿಗೆ ತನ್ನ ಇಡ್ಲಿಯ ರುಚಿ ಹತ್ತಿಸಲಿಕ್ಕೇ ಇರಬೇಕು.

ಪರಿಹಾರ ಕೇಳಲು ಹೋದರೆ, ವಿಜಯಪುರದ ಕಡೆಯ ನಮ್ಮ ವಕೀಲ ಸಾಹೇಬರು ಕರಾರು ಓದಿ ಬದಿಗಿಟ್ಟರು.

"ಇದರಾಗ ಬರದಿದ್ದು ಬರೇ ಮೇಲಿನ ಮಿತಿ ಐತ್ರಿ. ಖರೇ ನಷ್ಟ ಎಷ್ಟಾತು, ಅದನ್ನ ತೋರಸಬೇಕು. ಹೋಟೆಲ್ ಒಂದಿನಾನೂ ಬಂದ್ ಆಗಿಲ್ಲ. ಹಿಟ್ಟಿಂದು ಬಿಲ್ ಐತೇನ್ರಿ?"

ನಾನು ನೇರ ವಾಸಣ್ಣನ ಮುಂದೆ ಹೋಗಿ ನಿಂತೆ.

"ಎಂತ ಬಿಲ್ಲು ಮಾರಾಯ? ನಾನು ಹಿಟ್ಟು ಮಾರಿದ್ದಾ?" ಎಂದರು.

ಅಲ್ಲಿಗೆ ಬಿಟ್ಟಿದ್ದರೆ ಆಗುತ್ತಿತ್ತು. ಎಲುಬಿಲ್ಲದ ನಾಲಿಗೆ ಬಿಡಬೇಕಲ್ಲ. "ಈಗ ಹೀಗೆ ಹೇಳ್ತೀರಿ. ಕೇಸು ಗೆದ್ದ ಮೇಲೆ ಪಾಲು ಕೇಳುದಿಲ್ಲ ಅಂತ ಎಂತ ಗ್ಯಾರಂಟಿ?"

ವಾಸಣ್ಣ ಎದ್ದು ಒಳಗೆ ಹೋದರು. ಮರುದಿನದಿಂದ ಸಂಜೆ ನಾಲ್ಕರ ಚಹಾಕ್ಕೆ ಮಾವನ ಬಳಿ ಬರಲಿಲ್ಲ. ವರ್ಷಗಟ್ಟಲೆ ತಪ್ಪದೆ ನಡೆದಿದ್ದ ಚಹಾ ಅದು. ಮಾವ ಎರಡು ಗ್ಲಾಸು ತರಿಸಿ, ಒಂದನ್ನು ಕುಡಿದು, ಇನ್ನೊಂದು ಆರುವುದನ್ನು ನೋಡುತ್ತಾ ಕೂರುತ್ತಿದ್ದರು. ಬಿಲ್ಲಿಲ್ಲದೆ ನಮ್ಮ ದಾವೆಯೂ ಬಿದ್ದುಹೋಯಿತು. ನಾನು ಅಂಧೇರಿಯವನಿಗೆ ಹಿಡಿಶಾಪ ಹಾಕುತ್ತಿದ್ದಾಗ ಮಾವ ಒಮ್ಮೆ ಮಾತ್ರ ಹೇಳಿದರು: "ಅವ ಹಾಳು ಮಾಡಿದ್ದು ಹತ್ತು ದಿನ. ಅದು ಹತ್ತು ದಿನಕ್ಕೆ ಮುಗೀತು."

ನನಗೆ ಅರ್ಥವಾಯಿತು, ನಾಚಿಕೆಯೂ ಆಯಿತು. ಆದರೂ ಹೋಗಿ ತಪ್ಪಾಯಿತು ಎನ್ನಲಿಲ್ಲ. ತಪಲೆ ಹಿಂತಿರುಗಿಸುವ ಮುಖ ಯಾರಿಗೂ ಇರಲಿಲ್ಲ. ಮಾವ ತೀರಿಕೊಂಡು ಹೋಟೆಲು ಮುಚ್ಚಿದಾಗ ಅದು ಉಳಿದ ಪಾತ್ರೆಗಳ ಜೊತೆ ನಮ್ಮ ಅಟ್ಟ ಸೇರಿತ್ತು.

ಕೊಟ್ಟವರ ಪಾತ್ರೆಯನ್ನು ನಮ್ಮಲ್ಲಿ ಖಾಲಿ ಹಿಂತಿರುಗಿಸುವುದಿಲ್ಲ. ನಿನ್ನೆ ಅದರಲ್ಲಿ ಇಡ್ಲಿಹಿಟ್ಟು ತುಂಬಿ, ಬಾಯಿಗೆ ಬಟ್ಟೆ ಕಟ್ಟಿ, ಲೋಕಲ್ ರೈಲು ಹತ್ತಿ ಪರೇಲಿಗೆ ಹೋದೆ. ವಾಸಣ್ಣನ ತಲೆ ಪೂರ್ತಿ ನೆರೆತಿತ್ತು. ಬಟ್ಟೆ ಬಿಚ್ಚಿ ಹಿಟ್ಟು ನೋಡಿದರು, ಮತ್ತೆ ನನ್ನ ಮುಖ ನೋಡಿದರು. ನಾನು ಜನರನ್ನು ನೋಡುವ ಹಾಗೆಯೇ.

"ಮಾವನಿಗೆ ಕೊಟ್ಟ ಮಾತು ಉಳಿದಿತ್ತು, ವಾಸಣ್ಣ. ನಿಮ್ಮಲ್ಲಿ ತಪ್ಪಾಯ್ತು ಹೇಳ್ತೇನೆ ಅಂತ," ಎಂದೆ. ಯಾವ ಮಾತನ್ನೂ ಮಾವನಿಗೆ ಕೊಟ್ಟಿರಲಿಲ್ಲ. ಕ್ಷಮೆ ಕೇಳುವಾಗಲೂ ಸುಳ್ಳು.

ಅವರು ಹಿಟ್ಟನ್ನು ತಮ್ಮ ಪಾತ್ರೆಗೆ ಸುರಿಸಿಕೊಂಡು, ತಪಲೆ ತೊಳೆಸಿ, ನನ್ನ ಕೈಗೇ ಕೊಟ್ಟರು.

"ಇದು ನಿನ್ನಲ್ಲೇ ಇರ್ಲಿ. ಸಾಕ್ಷಿಗೆ ಬೇಕಾದೀತು."

ಖಾಲಿ ತಪಲೆಯನ್ನು ತೊಡೆಯ ಮೇಲಿಟ್ಟುಕೊಂಡು ಮುಲುಂಡಿನವರೆಗೆ ಬಂದೆ. ಆ ಮಾತಿನಲ್ಲಿದ್ದದ್ದು ಸಿಟ್ಟೋ, ನಗೆಯೋ? ಅನುಮಾನಿಸುವ ಹಕ್ಕು ಈ ಸಲ ನನಗಿರಲಿಲ್ಲ.