ಹಿಂದಿನ ಸೀಟಿನ ಪರೀಕ್ಷೆ

ನನ್ನ ಗಂಡ ಒಂದು ಛತ್ರಿ ಕೊಳ್ಳಬೇಕಾದರೂ ನಾಲ್ಕು ಜನರನ್ನು ಕೇಳುವ ಮನುಷ್ಯ. ಚಳ್ಳಕೆರೆಯಲ್ಲಿ ಛತ್ರಿ ಬಿಚ್ಚುವಷ್ಟು ಮಳೆ ಬರುವುದೇ ಅಪರೂಪ. ಇವರು ಕೇಳಿ ಮುಗಿಸುವುದರೊಳಗೆ ಆ ವರ್ಷದ್ದು ಬಂದು ಹೋಗಿರುತ್ತಿತ್ತು. ಅಂಥವರು ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಮೋಟಾರ್ ಸೈಕಲ್ ಕೊಳ್ಳಲು ಹೊರಟರು. ನಮ್ಮದು ಹಾರ್ಡ್‌ವೇರ್ ಅಂಗಡಿ. ಇದ್ದ ಹಳೆಯ ಮೊಪೆಡ್ಡು ಮೊಳೆ, ಪೈಪು, ಪೇಂಟಿನ ಡಬ್ಬಿ ಹೊತ್ತು ಹೊತ್ತು ಸುಸ್ತಾಗಿತ್ತು. ನನ್ನನ್ನು ಕೂರಿಸಿಕೊಂಡರೆ ಏರಿನಲ್ಲಿ ನಿಂತೇಬಿಡುತ್ತಿತ್ತು.

"ಈ ಸಲ ತಗಳ್ಳೋದು ದೂರದ ಗಾಡಿ. ಇಬ್ರೂ ಆರಾಮಾಗಿ ಕೂತ್ಕಂಡು ಎಲ್ಲಿಗಾದ್ರೂ ಹೋಗಂಗಿರ್ಬೇಕು. ಸೊಂಟ ನೋಯಬಾರ್ದು," ಎಂದರು.

'ಇಬ್ರೂ' ಎಂಬ ಮಾತು ಕಿವಿಗೆ ಬಿದ್ದು ನಾನು ಒಗ್ಗರಣೆ ಸೀಯಿಸಿದೆ. ಮದುವೆಯಾಗಿ ಹತ್ತು ವರ್ಷ ದಾಟಿತ್ತು. ನಾವು ಹೋಗಿದ್ದೆಲ್ಲ ಮದುವೆಗೆ, ಸೀಮಂತಕ್ಕೆ, ತಿಥಿಗೆ. ಅದೂ ಟೆಂಪೋ ತುಂಬ ನೆಂಟರ ಜೊತೆ. ಇವರು ಮುಂದೆ ಡ್ರೈವರ್ ಪಕ್ಕ. ನಾನು ಹಿಂದೆ ಅತ್ತೆಯ ಪಕ್ಕ, ವಾಂತಿ ಮಾಡುವ ಯಾರದೋ ಮಗುವನ್ನು ತೊಡೆಯ ಮೇಲೆ ಇಟ್ಟುಕೊಂಡು. ಒಂದೇ ಒಂದು ದಿನ ನಾವಿಬ್ಬರೇ ಎಲ್ಲಾದರೂ ಹೋಗಿ ಬರಬೇಕು ಅನ್ನುವುದು ನನ್ನ ಆಸೆಯಾಗಿತ್ತು. ದೊಡ್ಡ ಆಸೆಯೇನಲ್ಲ, ಆದರೆ ಬಹಳ ದಿನದ್ದು.

ಇವರ ಮನೆತನದವರು ಮೂಲದಲ್ಲಿ ನನ್ನಿವಾಳದ ಕಡೆಯ ಒಕ್ಕಲು ಮಂದಿ. ಅವರು ಎತ್ತು ಕೊಳ್ಳುವಾಗ ಹಲ್ಲು ನೋಡಿ, ಸುಳಿ ನೋಡಿ ಸುಮ್ಮನಾಗುವವರಲ್ಲ. ಗಾಡಿಗೆ ಹೂಡಿ, ಭಾರ ಹೇರಿ, ಒಂದಿಷ್ಟು ದೂರ ಹೊಡೆದು ನೋಡಿದ ಮೇಲೆಯೇ ಬೆಲೆಯ ಮಾತು. ಇವರು ಹೊಲ ಬಿಟ್ಟು ಅಂಗಡಿಗೆ ಬಂದರೂ ಆ ಕ್ರಮ ಮಾತ್ರ ಇವರನ್ನು ಬಿಟ್ಟಿರಲಿಲ್ಲ. ಶೋರೂಮಿನ ಹೊಸ ಗಾಡಿಯನ್ನು ಹಾಗೆ ಹೊಡೆದು ನೋಡಲು ಯಾರು ಕೊಡುತ್ತಾರೆ? ಅದಕ್ಕೇ ಹಳೆಯದನ್ನು ಮಾರುವವರನ್ನು ಹುಡುಕಿದರು. ಯಾರೇ ಸಿಗಲಿ, "ಒಂದಿನ ಓಡ್ಸಿ ನೋಡ್ತೀನಿ" ಎಂದು ಬೀಗದ ಕೈ ಇಸಿದುಕೊಳ್ಳುತ್ತಿದ್ದರು.

ಓಡಿಸಿ ನೋಡಲು ಹಿಂದೆ ಭಾರ ಬೇಕಲ್ಲ. ಅದಕ್ಕೆ ಸಿಕ್ಕಿದ್ದು ಇವರ ಗೆಳೆಯ, ಶೇಂಗಾ ದಲ್ಲಾಳಿ. ಆತ ನಮ್ಮ ಅಂಗಡಿಯ ಸ್ಟೂಲಿನ ಮೇಲೆ ಕೂತರೆ ಸ್ಟೂಲು ಎಲ್ಲಿದೆ ಎಂದು ಹುಡುಕಬೇಕು. "ಇವ್ನನ್ನೇ ಹೊತ್ತ ಗಾಡಿ ನಿನ್ನ ಹೊರಲ್ವಾ?" ಎಂದು ಇವರ ವಾದ. ವಾದ ಸರಿಯಾಗಿಯೇ ಇತ್ತು, ಹಾಗಾಗಿ ನನಗೆ ಇನ್ನೂ ಸಿಟ್ಟು ಬಂತು.

ಭಾನುವಾರ ಬಂತೆಂದರೆ ಇಬ್ಬರೂ ಹೊರಟರು. ಒಂದು ವಾರ ಚಿತ್ರದುರ್ಗ. ಕೋಟೆ ಹತ್ತಿ ಇಳಿದು ಬಂದರಂತೆ. ಇನ್ನೊಂದು ವಾರ ವಾಣಿವಿಲಾಸ ಸಾಗರ. ಕಟ್ಟೆಯ ಮೇಲೆ ಗಾಳಿಗೆ ಕೂತು ಮಂಡಕ್ಕಿ ಮೆಣಸಿನಕಾಯಿ ತಿಂದರಂತೆ. ಸಂಜೆ ದಲ್ಲಾಳಿ ನಮ್ಮ ಜಗುಲಿಯ ಮೇಲೆ ಕಾಲು ಚಾಚಿ ವರದಿ ಒಪ್ಪಿಸುತ್ತಿದ್ದ.

"ಅತ್ತಿಗೆ, ಈ ಗಾಡೀಲಿ ಹಿಂದ್ಗಡೆ ಹಾಸಿಗೆ ಹಾಕ್ದಂಗೈತೆ. ನನಗೆ ನಿದ್ದೇನೇ ಬಂದ್ಬಿಡ್ತು."

"ನಿಮ್ಗೆ ನಿದ್ದೆ ಎಲ್ಲಿ ಬರಲ್ಲ ಹೇಳಿ," ಎಂದು ಕಾಫಿ ಲೋಟ ಕುಕ್ಕಿದೆ. ನಾನು ಮಾಡಬೇಕಾದ ಪ್ರವಾಸವನ್ನೆಲ್ಲ ಈತ ನನ್ನ ಪರವಾಗಿ ಮಾಡಿ ಮುಗಿಸುತ್ತಿದ್ದ. ಸವತಿಯ ಮೇಲೆ ಹೊಟ್ಟೆಕಿಚ್ಚು ಪಡುವವರನ್ನು ಕಂಡಿದ್ದೇನೆ. ಶೇಂಗಾ ದಲ್ಲಾಳಿಯ ಮೇಲೆ ಪಟ್ಟವಳು ಊರಲ್ಲಿ ನಾನೊಬ್ಬಳೇ ಇರಬೇಕು.

ಆಮೇಲೆ ಮೊಳಕಾಲ್ಮೂರಿನ ರೇಷ್ಮೆ ಸೀರೆ ವ್ಯಾಪಾರಿಯೊಬ್ಬರು ತಮ್ಮ ದೊಡ್ಡ ಗಾಡಿಯನ್ನು ಮಾರುತ್ತಾರೆಂಬ ಸುದ್ದಿ ಬಂತು. ಬಸ್ಸಿನಲ್ಲಿ ಹೋಗಿ ಅಲ್ಲೇ ಓಡಿಸಿ ನೋಡುವುದೆಂದು ತೀರ್ಮಾನವಾಯಿತು. ನಾನು ಈ ಸಲ ಬಿಡಲಿಲ್ಲ.

"ನಾನೂ ಬರ್ತೀನಿ."

"ಗಾಡಿ ನೋಡೋಕೆ ಹೆಂಗಸ್ರು ಬರ್ತಾರೇನೇ?"

ಅಷ್ಟರಲ್ಲಿ ಒಳಗಿನಿಂದ ಅತ್ತೆಯ ದನಿ ಬಂತು. "ಕೂರೋಳು ಅವ್ಳು. ಕರ್ಕಂಡ್ ಹೋಗು."

ಅತ್ತೆ ನನ್ನ ಪರವಾಗಿ ಮಾತಾಡಿದ್ದು ಅದೇ ಮೊದಲು. ಕಣ್ಣು ತುಂಬಿ ಬಂತು. ಅಮ್ಮ-ಮಗನ ಮನಸ್ಸು ಬದಲಾದರೆ ಕಷ್ಟವೆಂದು ಬೇಗಬೇಗ ಮದುವೆಯ ರೇಷ್ಮೆ ಸೀರೆ ಉಟ್ಟು ಬಾಗಿಲಲ್ಲಿ ನಿಂತೆ. ದಲ್ಲಾಳಿಗೆ ಬರುವುದು ಬೇಡವೆಂದು ಇವರೇ ಹೇಳಿ ಕಳಿಸಿದರು. ಆತನ ಮುಖ ಸಣ್ಣದಾಯಿತಂತೆ.

ವ್ಯಾಪಾರಿಯ ಮನೆಯಂಗಳದಲ್ಲಿ ಗಾಡಿ ಮಿರಮಿರ ಮಿಂಚುತ್ತಿತ್ತು. ಇವರು ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಟೈರು ಒದ್ದು, ಸೀಟು ಅಮುಕಿ, "ಮೆತ್ತಗೈತೆ" ಎಂದು ತಲೆಯಾಡಿಸಿದರು. ನಾನು ಎಲ್ಲ ಹೆಂಗಸರಂತೆ ಎರಡೂ ಕಾಲು ಒಂದೇ ಕಡೆ ಇಳಿಬಿಟ್ಟು ಹತ್ತಿ ಕೂತೆ. ಕೂತವಳು ಹಾಗೇ ಜಾರಿ ನೆಲಕ್ಕೆ ಬಂದೆ. ಎರಡನೇ ಸಲ ಕೂತಾಗಲೂ ಅದೇ ಗತಿ. ನುಣ್ಣನೆಯ ರೆಕ್ಸಿನ್ನು, ಅದರ ಮೇಲೆ ರೇಷ್ಮೆ. ಎರಡಕ್ಕೂ ಒಂದನ್ನೊಂದು ಹಿಡಿದುಕೊಳ್ಳುವ ಇರಾದೆಯೇ ಇರಲಿಲ್ಲ. ಇಷ್ಟು ಭಾನುವಾರ ಪರೀಕ್ಷೆ ನಡೆದದ್ದು ಕಾಲು ಅಗಲಿಸಿ ತೊಡೆ ಬಿಗಿದು ಕೂರುವ ದಲ್ಲಾಳಿಯ ಮೇಲೆ. ಸೀರೆ ಉಟ್ಟು ಪಕ್ಕಕ್ಕೆ ಕೂರುವವಳ ಗತಿಯೇನೆಂದು ಆ ಎರಡು ದೊಡ್ಡ ತಲೆಗಳಿಗೂ ಹೊಳೆದಿರಲಿಲ್ಲ.

ವ್ಯಾಪಾರಿಯ ತಾಯಿ ಬಾಗಿಲಲ್ಲಿ ನಿಂತು ನಕ್ಕಳು. "ಗಟ್ಟಿಗಾ ಪಟ್ಟುಕೋಮ್ಮಾ. ಗಂಡನ್ನ ಗಟ್ಟಿಯಾಗಿ ಹಿಡ್ಕಾ, ಬೀಳಲ್ಲ," ಎಂದು ತೆಲುಗಿನಲ್ಲೂ ಕನ್ನಡದಲ್ಲೂ ಬುದ್ಧಿ ಹೇಳಿದಳು.

"ಊರಾಚೆ ತನಕ ಹೋಗಿ ಬರಾಣಾ," ಎಂದರು ಇವರು.

"ಊರಾಚೆಗೆ ಯಾಕ್ರಿ, ಬ್ರಹ್ಮಗಿರಿಗೆ ಹೋಗಾಣಾ. ದೂರದ ಗಾಡಿ ಅಂತೀರಲ್ಲ."

ವ್ಯಾಪಾರಿಯ ಎದುರಿಗೆ ಇಲ್ಲವೆನ್ನಲಾಗದೆ ಹೊರಟರು. ಮೊದಲು ಇವರ ಭುಜ ಹಿಡಿದಿದ್ದೆ. ಮೊದಲ ಗುಂಡಿಗೇ ಅರ್ಧ ಜಾರಿದೆ. ಆಮೇಲೆ ಅಂಗಿ ಹಿಡಿದೆ, ಗುಂಡಿ ಕಿತ್ತು ಬಂತು. ಕೊನೆಗೆ ಬೇರೆ ದಾರಿ ಕಾಣದೆ ಸೊಂಟವನ್ನೇ ಬಳಸಿ ಹಿಡಿದುಕೊಂಡೆ, ಹಾಡುಹಗಲಿನಲ್ಲಿ, ನಡುರಸ್ತೆಯಲ್ಲಿ. ಕುರಿ ಮೇಯಿಸುವವನೊಬ್ಬ ಕೋಲಿಗೆ ಗದ್ದ ಊರಿ ನಿಂತು ನೋಡಿದ. ಇವರ ಕಿವಿ ಕೆಂಪಗಾದದ್ದು ಹಿಂದಿನಿಂದ ನನಗೆ ಚೆನ್ನಾಗಿ ಕಾಣುತ್ತಿತ್ತು. ಕೈ ತೆಗಿ ಎಂದು ಮಾತ್ರ ಅನ್ನಲಿಲ್ಲ.

ಬ್ರಹ್ಮಗಿರಿಯಲ್ಲಿ ಅಶೋಕನ ಕಾಲದ ಬಂಡೆಬರಹ ನೋಡಿದೆವು. ಇಬ್ಬರಿಗೂ ಓದಲು ಬರಲಿಲ್ಲ. ಬಂಡೆಯ ನೆರಳಲ್ಲಿ ಕೂತು ಅತ್ತೆ ಕಟ್ಟಿಕೊಟ್ಟ ರೊಟ್ಟಿ ತಿಂದೆವು. ಇವರು ಅಂಗಡಿಯ ಮಾತು ಎತ್ತಲಿಲ್ಲ. ಚಿಕ್ಕಂದಿನಲ್ಲಿ ಎತ್ತಿನ ಗಾಡಿಯಿಂದ ಬಿದ್ದದ್ದು, ಅಪ್ಪನಿಗೆ ಹೆದರಿ ಬಣವೆಯಲ್ಲಿ ಅಡಗಿದ್ದು ಎಲ್ಲ ಹೇಳಿದರು. ಹತ್ತು ವರ್ಷದಲ್ಲಿ ನಾನು ಕೇಳದ ಕತೆಗಳು. ನನಗೆ ಅಳುವಷ್ಟು ಸಂತೋಷವಾಗಿತ್ತು.

"ಹೆಂಗೈತೆ ಗಾಡಿ? ನೀನು ಹ್ಞೂಂ ಅಂದ್ರೆ ಇವತ್ತೇ ಮುಗಿಸ್ತೀನಿ," ಎಂದರು ವಾಪಸು ಹೊರಡುವಾಗ.

ನಾನು ಯೋಚಿಸಿದೆ. ಗಾಡಿ ಕೊಂಡರೆ ಅದರ ಗತಿ ಏನೆಂದು ನನಗೆ ಗೊತ್ತಿತ್ತು. ಮರುದಿನವೇ ಅದರ ಮೇಲೆ ಪೇಂಟಿನ ಡಬ್ಬಿ ಏರುತ್ತಿತ್ತು, ಭಾನುವಾರ ಗೋಣಿಚೀಲ ಹೊದ್ದು ಮಲಗುತ್ತಿತ್ತು. ಹುಡುಕುವುದು ನಡೆದಿರುವ ತನಕ ಮಾತ್ರ ಓಡಿಸಿ ನೋಡುವುದೂ ಇರುತ್ತದೆ.

"ಸೀಟು ಜಾರ್ತೈತ್ರಿ. ಇನ್ನೊಂದು ನೋಡಾಣಾ," ಎಂದೆ. ಸುಳ್ಳೇನೂ ಹೇಳಲಿಲ್ಲ.

ಇವರು ಗಾಡಿ ಚಾಲೂ ಮಾಡಿದರು. ಬೀಗದ ಕೈ ವಾಪಸು ಕೊಟ್ಟು ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಮಾತಿಲ್ಲ. ಬೇಸರವಾಯಿತೇನೋ ಎಂದು ವಾರವಿಡೀ ನನಗೆ ಒಳಗೊಳಗೇ ಅಳುಕು.

ಶನಿವಾರ ಊಟಕ್ಕೆ ಕೂತಾಗ ಇವರೇ ಬಾಯಿ ಬಿಟ್ಟರು. "ರಾಯದುರ್ಗದಾಗೆ ಒಬ್ರು ಗಾಡಿ ಮಾರ್ತಾರಂತೆ. ನಾಳೆ ಹೋಗಾಣಾ?"

"ನಿಮ್ಮ ದಲ್ಲಾಳಿ?"

"ಅವ್ನಿಗೆ ಹೇಳಿಲ್ಲ."

"ಸೀಟು ಹೆಂಗೈತಂತೆ?"

ಇವರು ತಲೆ ಎತ್ತದೆ ಮುದ್ದೆ ಮುರಿದು ಸಾರಿಗೆ ಅದ್ದಿದರು.

"ವಿಚಾರ್ಸಿದೀನಿ," ಎಂದರು. "ಇನ್ನೂ ಜಾಸ್ತಿ ಜಾರ್ತೈತಂತೆ."